ಮಟ್ಟದ ವಾರ

ನಮ್ಮ ಊರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ಕೇಳುವುದು ನೀರಿನ ವಿಷಯವನ್ನಲ್ಲ. "ಎಷ್ಟರ ಮನಿರೀ ಇದು?" ಎಂದು ಕೇಳುತ್ತಾರೆ. ಮಾಲೀಕರು "ಎರಡು-ಸೊನ್ನಿ" ಎಂದೋ, "ಒಂದು-ಸೊನ್ನಿ ನೋಡ್ರಿ, ಅಡಗಿಮನಿ ಅಷ್ಟ ಸೋತದ್ದು" ಎಂದೋ ಉತ್ತರ ಕೊಡುತ್ತಾರೆ. ಕಾಲೇಜಿನ ಫುಟ್‌ಬಾಲ್ ತಂಡ ನಮ್ಮ ಮೈದಾನದಲ್ಲಿ ಗೆದ್ದರೆ ಊರು ಪಡುವಣಕ್ಕೆ ವಾಲುತ್ತದೆ, ಸೋತರೆ ಮೂಡಣಕ್ಕೆ. ಎಷ್ಟು ಗೋಲುಗಳ ಅಂತರವೋ ಅಷ್ಟು ವಾಲು. ಆಟ ಶುರುವಾಗುವ ಸೀಟಿಗೆ ಊರು ಸಮಕ್ಕೆ ಬರುತ್ತದೆ, ಗೋಲು ಬಿದ್ದ ಹಾಗೆ ವಾಲುತ್ತ ಹೋಗುತ್ತದೆ, ಕೊನೆಯ ಸೀಟಿಗೆ ಹೇಗಿರುತ್ತದೋ ಹಾಗೆಯೇ ಮುಂದಿನ ಆಟದವರೆಗೆ ಇರುತ್ತದೆ. ಎರಡೂ ಕಡೆ ಗೋಲು ಸಮವಾಗಿ ಆಟ ಮುಗಿದರೆ ಅದನ್ನು ಮಟ್ಟ ಎನ್ನುತ್ತೇವೆ, ಅದರ ಮುಂದಿನ ಏಳು ದಿನಗಳನ್ನು ಮಟ್ಟದ ವಾರ.

ಮನೆ ಕಟ್ಟುವವರು ಬೇಸಿಗೆಗೆ ಕಾಯುತ್ತಾರೆ. ವರ್ಷದ ಕೊನೆಯ ಆಟ ಮುಗಿದ ಮೇಲೆ ಊರು ತಿಂಗಳುಗಟ್ಟಲೆ ಒಂದೇ ಸ್ಕೋರಿನಲ್ಲಿ ನಿಂತಿರುತ್ತದಲ್ಲ, ಆಗ. ಗೌಂಡಿಗಳು ದಾರಕ್ಕೆ ಗುಂಡು ಕಟ್ಟಿ ಗೋಡೆಯನ್ನು ನೆಟ್ಟಗೆ ಎತ್ತುತ್ತಾರೆ. ಆದರೆ ಅದು ಆ ಬೇಸಿಗೆಯ ನೆಟ್ಟಗೆ. ಆದ್ದರಿಂದ ಪ್ರತಿ ಮನೆಗೂ ಅದು ನೆಮ್ಮದಿಯಿಂದ ನಿಲ್ಲುವ ಒಂದು ಸ್ಕೋರಿದೆ. ಉಳಿದ ವಾರಗಳಲ್ಲಿ ಮಂಚದ ಕಾಲಿಗೆ, ಒಲೆಗೆ, ದೇವರ ಪೀಠಕ್ಕೆ ಬೆಣೆ ಕೊಡಬೇಕು. ಮದುವೆಯಲ್ಲಿ ತವರಿನಿಂದ ಹುಡುಗಿಗೆ ಸಾಗವಾನಿಯ ಬೆಣೆಗಳ ಒಂದು ಜೊತೆ ಕೊಡುವುದು ನಮ್ಮಲ್ಲಿ ಪದ್ಧತಿ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಆ ವರ್ಷ ಕೊನೆಯ ಆಟಕ್ಕೆ ಇನ್ನೂ ಸಮಯವಿದ್ದಾಗ ಆಡಳಿತ ಮಂಡಳಿಯ ಚೇರ್ಮನ್ ಅಂದಾನೆಪ್ಪನವರು ನನ್ನನ್ನು ಮನೆಗೆ ಕರೆಸಿದರು. ಅವರದು ಊರಿಗೇ ದೊಡ್ಡ ಮನೆ, ಮೂರು-ಸೊನ್ನೆಯ ಮನೆ. ಅಂದರೆ ಕಾಲೇಜು ಮೂರು ಗೋಲಿನಿಂದ ಗೆದ್ದಾಗ ಮಾತ್ರ ಅದರ ಬಾಗಿಲುಗಳು ಹಾಕಿದಲ್ಲಿ ನಿಲ್ಲುತ್ತವೆ. ಎಂಟು ವರ್ಷಗಳಿಂದ ನಮ್ಮ ಮೈದಾನದಲ್ಲಿ ಆಟಗಳೆಲ್ಲ ಹೆಚ್ಚುಕಡಿಮೆ ಮಟ್ಟದಲ್ಲೇ ಮುಗಿಯುತ್ತಿದ್ದವು. ಅವರ ಪಡಸಾಲೆಯ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಅವರು ತೂಗುಮಂಚದ ಮೇಲೆ ಒಂದು ಪಕ್ಕಕ್ಕೆ ಒರಗಿ ಕೂತಿದ್ದರು.

"ಅನಸೂಯಾ ಮೇಡಂ, ನೀವು ಲೆಕ್ಕದವ್ರು," ಎಂದರು.

"ಫಿಜಿಕ್ಸ್ ರೀ."

"ಎರಡೂ ಒಂದ. ಇಲ್ಲಿತನಕ ನಮಗ ಮೂರು ಮಂದಿ ಕೋಚ್ ಆದ್ರು. ಸಿರಿಲ್ ಮಾಸ್ತರು, ಹಣಮಂತಗೌಡ, ಈಗ ಈ ದಾವಲಸಾಬ. ಮೂವರನ್ನೂ ತಕ್ಕಡ್ಯಾಗ ಇಟ್ಟು ತೂಗ್ರಿ. ಯಾರು ಹೆಚ್ಚು ಅಂತ ಒಂದ ಮಾತಿನ್ಯಾಗ ಕಮಿಟಿ ಮುಂದ ಹೇಳ್ರಿ. ದಾವಲಸಾಬನ್ನ ಮುಂದ ಇಟ್ಕೊಳ್ಳೂದೋ ಬಿಡೂದೋ ಅದರ ಮ್ಯಾಲ ಐತಿ."

"ನಾನ ಯಾಕ್ರೀ?"

"ನೀವು ಆಟ ನೋಡಂಗಿಲ್ಲ, ಅದಕ್ಕ. ಆಟದ ಮಟ್ಟ ಭಾಳ ಇಳದೈತ್ರಿ ಮೇಡಂ."

ಇಳಿದದ್ದೇನೂ ಇಲ್ಲ, ಮಟ್ಟವೇ ಬಂದು ಕೂತಿದೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಏಕೆಂದರೆ ನನಗೂ ಒಂದು ಸ್ವಾರ್ಥವಿತ್ತು. ನನ್ನ ಪ್ರಯೋಗಾಲಯದಲ್ಲಿ ಒಂದು ಗಾಜಿನ ಪೆಟ್ಟಿಗೆಯ ತಕ್ಕಡಿ ಇದೆ. ಹಿಂದಿನ ಕೋಚುಗಳ ಕಾಲದಲ್ಲಿ ಅದರ ಮುಳ್ಳು ನಡುಗೆರೆಯ ಮೇಲೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಹುಡುಗರು ಅಳತೆಯಿಂದ ಹೋದ ವಾರದ ಸ್ಕೋರನ್ನು ಕಳೆದು ಬರೆಯುತ್ತಿದ್ದರು. ದಾವಲಸಾಬರು ಬಂದ ಮೇಲೆ ಮುಳ್ಳು ನಿಂತಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ನಾನೇ ಕೂತಿದ್ದೇನೆ ಎಂದು ತಿಳಿದೂ ತೂಗಲು ಒಪ್ಪಿಕೊಂಡೆ. ಅಂದಿನಿಂದ ನನಗೆ ಒಂದು ಕಡೆ ಕೂರಲು ಆಗಲಿಲ್ಲ.

ಹಳೆಯ ಆಟಗಳ ಅಂಕಿಗಳು ಜನರ ಬಾಯಲ್ಲಿದ್ದವು, ಒಂದೊಂದು ಬಾಯಿಗೂ ಒಂದೊಂದು ಗೋಲು ಹೆಚ್ಚು. ಆದ್ದರಿಂದ ಗೋಡೆಗಳನ್ನೇ ಕೇಳಿದೆ. ಮಟ್ಟದ ವಾರ ನೋಡಿ ದಾರ, ಗುಂಡು, ಒಂದು ಅಳತೆಪಟ್ಟಿ ಹಿಡಿದುಕೊಂಡು ಓಣಿ ಓಣಿ ತಿರುಗಿದೆ. ಸಿರಿಲ್ ಮಾಸ್ತರ ಕಾಲದಲ್ಲಿ ಕಟ್ಟಿದ ಓಣಿಗಳು ನೋಡಿದರೆ ಗೊತ್ತಾಗುತ್ತವೆ. ಅಲ್ಲಿನ ಮನೆಗಳೆಲ್ಲ ಎರಡೋ ಮೂರೋ ಗೋಲಿನಷ್ಟು ಒಂದೇ ಕಡೆಗೆ ವಾಲಿ, ಬಸ್ಸಿನಲ್ಲಿ ತೂಕಡಿಸುವವರಂತೆ ಒಂದರ ಹೆಗಲಿಗೆ ಒಂದು ತಲೆ ಕೊಟ್ಟಿವೆ. ಮಾಸ್ತರು ಹುಡುಗರನ್ನು ಕಲ್ಲುಗಣಿಯ ಇಳಿಜಾರಿನಲ್ಲಿ ಓಡಿಸುತ್ತಿದ್ದರಂತೆ, ಗೆದ್ದು ವಾಲಿದ ಮೇಲೂ ಕಾಲು ನಿಲ್ಲಲಿ ಎಂದು. ಹಣಮಂತಗೌಡರ ಓಣಿ ಹಾಗಲ್ಲ. ಒಂದು ಬೇಸಿಗೆ ಐದು ಗೋಲಿನ ಗೆಲುವು, ಮರುವರ್ಷ ನಾಲ್ಕು ಗೋಲಿನ ಸೋಲು. ಅಲ್ಲಿ ಒಂದು ಮನೆ ಆಕಡೆ, ಒಂದು ಈಕಡೆ, ಹಲ್ಲು ಬೀಳುವ ವಯಸ್ಸಿನ ಬಾಯಿಯ ಹಾಗೆ. ದಾವಲಸಾಬರ ಕಾಲದ ಬಡಾವಣೆಯಲ್ಲಿ ಗುಂಡು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಸವರಿಕೊಂಡೇ ಇಳಿಯಿತು.

ಕೂಡಿಸಿ ಭಾಗಿಸಿದರೆ ಹಣಮಂತಗೌಡರ ಸರಾಸರಿಯೂ ದಾವಲಸಾಬರ ಸರಾಸರಿಯೂ ಒಂದೇ, ಸೊನ್ನೆಯ ಹತ್ತಿರ. ತರಗತಿಯಲ್ಲಾದರೆ ಸರಾಸರಿಯ ಜೊತೆ ಹರವನ್ನೂ ನೋಡಿ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆದರೆ ಗೌಡರ ಓಣಿಯಲ್ಲಿ ಆ ವರ್ಷಗಳಲ್ಲಿ ಹುಟ್ಟಿದವರು ಇಂದಿಗೂ ಕೂತ ಕುರ್ಚಿಯನ್ನು ಒಂದು ಕೈಯಲ್ಲಿ ಹಿಡಿದೇ ಕೂರುತ್ತಾರೆ.

ಆ ಓಣಿಯಲ್ಲಿಯೇ ಕಾಶವ್ವನ ಖಾನಾವಳಿ ಇದೆ. ಅದು ಎರಡು ಗೋಲಿನಿಂದ ಸೋತ ಬೇಸಿಗೆಯಲ್ಲಿ ಕಟ್ಟಿದ್ದು. ನಾನು ಅಳತೆ ಮುಗಿಸಿ ಊಟಕ್ಕೆ ಕೂತಾಗ ಆಕೆ ರೊಟ್ಟಿ ಮಡಚಿ ಸಾರಿನ ಬಟ್ಟಲಿನ ಕೆಳಗೆ ಒತ್ತು ಕೊಟ್ಟಳು.

"ಕೋಚ್‌ಗಳನ್ನ ತೂಗಾಕತ್ತೀರಂತ ಹೌದೇನ್ರೀ ಮೇಡಮ್ಮಾರ?"

"ನಿನಗ ಯಾರು ಚಲೋ ಅನಸ್ತಾರ ಕಾಶವ್ವ?"

"ನನಗ ಸೋಲೂ ಕೋಚ್ ಬೇಕ್ರಿ. ಎರಡು ಗೋಲ್ ತಿಂದು ಬರ್ಲಿ, ನನ್ನ ಮನಿ ಹೆಂಗ ಎದ್ದು ನಿಂದರ್ತೈತಿ ನೋಡೀರಂತ." ನಕ್ಕಳು. "ದಾವಲಸಾಬಣ್ಣ ಬಂದ ಮ್ಯಾಲ ಗಿರಾಕಿಗೆ ಒಂದೊಂದು ರೊಟ್ಟಿ ಒತ್ತಿಗೆ ಹೊಕ್ಕೈತಿ, ಅಷ್ಟ. ಗೌಡರ ಕಾಲದಾಗ ಸಾರು ಉಣ್ಣೂರ್ಗಿಂತ ಒರಸೂರ ಹೆಚ್ಚಿದ್ರು. ದಾವಲಸಾಬಣ್ಣನ್ನ ತಗದ ಹಾಕ್ತಾರೇನ್ರಿ?"

"ಗೊತ್ತಿಲ್ಲ."

"ನಿಮಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತು? ನೀವ ಹೇಳೂದಂತಲ್ಲ."

ಆ ಮಾತು ಊರೆಲ್ಲ ಹರಡಿತ್ತು. ನಾನು ಹಾದುಹೋದರೆ ಎರಡು-ಸೊನ್ನೆಯ ಮನೆಯವರು ಕಟ್ಟೆಯ ಮೇಲಿಂದ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ಹೊಸ ಬಡಾವಣೆಯವರು ಚಹಾಕ್ಕೆ ಕರೆಯುತ್ತಿದ್ದರು, ತುಂಬಿದ ಬಟ್ಟಲನ್ನು ಬರಿಯ ಮೇಜಿನ ಮೇಲಿಟ್ಟು, "ನೋಡ್ರಿ, ಒಂದು ಹನಿ ಚೆಲ್ಲಿಲ್ಲ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ತಂಡದ ನಾಯಕ ಫಕೀರೇಶ ಪ್ರಯೋಗಾಲಯಕ್ಕೆ ಬಂದ. ಬಿ.ಎಸ್ಸಿ. ಕೊನೆಯ ವರ್ಷದವನು. ತಕ್ಕಡಿಯ ಮುಂದೆ ನಿಂತ.

"ಮೇಡಂ, ನನ್ನ ಆಟ ನೋಡೀರೇನ್ರಿ?"

"ಇಲ್ಲಪ್ಪ."

"ನೋಡಿದ್ರೂ ಅರ್ಧನ ನೋಡ್ತಿದ್ರಿ. ನಮ್ಮ ಮೈದಾನದಾಗ ನಾ ಪೂರಾ ಆಟ ಆಡೇ ಇಲ್ರಿ. ನಾವು ಒಂದು ಗೋಲ್ ಮುಂದ ಹ್ವಾದ್ವಿ ಅಂದ್ರ ಕೋಚ್ ಟೋಪಿ ತಗೀತಾರ. ಟೋಪಿ ತಗದು ತಲಿ ಒರಸ್ಕೊಂಡ್ರ ನಾ ಹೊರಗ ಬರಬೇಕು. ಆಮ್ಯಾಲ ಅವರು ಒಂದು ಹೊಡೀತಾರ. ಮಟ್ಟ."

"ಹಿಂದ ಇದ್ರ?"

"ಹಿಂದ ಇದ್ರ ಬಿಡ್ತಾರ. ನಾ ಸಮ ಮಾಡ್ತೇನಿ, ಟೋಪಿ ತಗೀತಾರ." ಅವನು ತಕ್ಕಡಿಯ ಗಾಜಿನ ಮೇಲೆ ಬೆರಳಾಡಿಸಿದ. "ಹೊರಗಿನ ಊರಿಗೆ ಹೋದ್ರ ಟೋಪಿ ಮುಟ್ಟಂಗಿಲ್ರಿ. ನಾಕು ಹೊಡೀತೇವಿ, ಐದು ಹೊಡೀತೇವಿ. ಆದ್ರ ಅದು ಈ ಊರಾಗ ಯಾರಿಗೂ ಗೊತ್ತಿಲ್ಲ. ಕೊನೀ ಆಟಕ್ಕ ವಿಶ್ವವಿದ್ಯಾಲಯದ ತಂಡಕ್ಕ ಆರಿಸೋರು ಇಲ್ಲೇ ಬರ್ತಾರಂತ. ಅವರ ಮುಂದೂ ಅರ್ಧಕ್ಕ ಹೊರಗ ಕೂಡಬೇಕೇನ್ರಿ ನಾ?"

ಅವನು ಹೋದ ಮೇಲೆ ನಾನು ಹೊರಊರಿನ ಕಾಲೇಜುಗಳಿಗೆಲ್ಲ ಫೋನು ಮಾಡಿದೆ. ಆ ಆಟಗಳಿಂದ ನಮ್ಮ ಊರಿನ ಯಾರ ಮಂಚವೂ ಅಲುಗುವುದಿಲ್ಲ, ಆದ್ದರಿಂದ ಅವನ್ನು ಇಲ್ಲಿ ಯಾರೂ ನೆನಪಿಡುವುದಿಲ್ಲ. ಅಲ್ಲಿಯವರಿಗೆ ಚೆನ್ನಾಗಿ ನೆನಪಿತ್ತು. "ನಿಮ್ಮ ದಾವಲಸಾಬ್ರು ಬರ್ತಾರಂದ್ರ ನಮ್ಮ ಹುಡುಗರಿಗೆ ಮೊದಲ ಜ್ವರ ಬರ್ತಾವ್ರಿ," ಎಂದು ಒಬ್ಬರು ಹೇಳಿದರು. ಹೊರಗಿನ ಮೈದಾನಗಳಲ್ಲಿ ಸಿರಿಲ್ ಮಾಸ್ತರೂ ಗೌಡರೂ ಸೇರಿ ಗೆದ್ದಿದ್ದಕ್ಕಿಂತ ಹೆಚ್ಚು ಆಟಗಳನ್ನು ದಾವಲಸಾಬರು ಒಬ್ಬರೇ ಗೆದ್ದಿದ್ದರು.

ಇಲ್ಲಿ ನನ್ನ ತೂಕ ಸಿಕ್ಕಿಹಾಕಿಕೊಂಡಿತು. ಮೂವರಲ್ಲಿ ದಾವಲಸಾಬರೇ ಹೆಚ್ಚು ಎನ್ನಲು ನನ್ನಲ್ಲಿ ಇದ್ದ ಆಧಾರ ಒಂದೇ. ಅದೇ ಆಧಾರ, ಅವರು ಊರಿನ ಮೈದಾನದಲ್ಲಿ ಗೆಲ್ಲಬಲ್ಲ ಹುಡುಗರನ್ನು ಬೇಕೆಂದೇ ಗೆಲ್ಲಗೊಡಲಿಲ್ಲ ಎಂಬುದಕ್ಕೂ ಸಾಕ್ಷಿ. ಹೊಗಳಿದರೆ ದೂರಿದಂತೆ. ಬಾಯಿ ಮುಚ್ಚಿಕೊಂಡರೆ ಮಟ್ಟಗಳನ್ನಷ್ಟೇ ಎಣಿಸಿ ಕಮಿಟಿ ಅವರನ್ನು ಮನೆಗೆ ಕಳಿಸುತ್ತದೆ.

ಅವರನ್ನೇ ಕೇಳೋಣವೆಂದು ಮೈದಾನಕ್ಕೆ ಹೋದೆ. ದಾವಲಸಾಬರು ಸುಣ್ಣದ ಗೆರೆ ಎಳೆಸುತ್ತಿದ್ದರು. ತಲೆಯ ಮೇಲೆ ಅದೇ ಮಾಸಿದ ನೀಲಿ ಟೋಪಿ, ಕೈಯಲ್ಲಿ ಗೌಂಡಿಗಳ ರಸಮಟ್ಟ. ಒಳಗಿನ ಗುಳ್ಳೆ ನಡುವೆ ನಿಂತರೆ ಮಟ್ಟ ಎಂದು ತಿಳಿಸುವ ಆ ಸಾಧನವನ್ನು ಅವರು ನೆಲದ ಮೇಲಿಟ್ಟು, ಬಗ್ಗಿ ನೋಡಿ, ಮತ್ತೆ ಎತ್ತಿಕೊಳ್ಳುತ್ತಿದ್ದರು.

"ಬರ್ರಿ ಮೇಡಮ್ಮಾರ. ನಮ್ಮಪ್ಪ ಗೌಂಡಿ ಇದ್ದನ್ರಿ. ಗೌಡ್ರ ಕಾಲದಾಗ ಅಂವ ಕಟ್ಟಿದ ಗ್ವಾಡಿ ಮುಂದಿನ ವರ್ಷ ವಾರಿ ಆಗಿ ಸೊಟ್ಟ ನಿಂತಿದ್ದು ನೋಡಿ, ಮಂದಿ ಅಂವಗ ಕೆಲಸ ಬರಂಗಿಲ್ಲ ಅಂದ್ರು. ಅಂವ ಓಣ್ಯಾಗ ಹೋಗೂದ ಬಿಟ್ಟ. ನಾ ಕೋಚ್ ಆದ ಮೊದಲನೇ ಬೇಸಿಗ್ಯಾಗ ನನ್ನ ಮನಿ ಅವನ ಕೈಲೆ ಕಟ್ಟಿಸಿದೆ. ಸೊನ್ನಿ-ಸೊನ್ನಿಯ ಮನಿ. ಇವತ್ತಿಗೂ ಒಂದು ಕೂದಲಿನಷ್ಟು ಸರದಿಲ್ಲ."

"ಫಕೀರೇಶ ಬಂದಿದ್ದ."

ಅವರು ರಸಮಟ್ಟವನ್ನು ಕಂಕುಳಲ್ಲಿ ಇಟ್ಟುಕೊಂಡರು. "ಟೋಪಿ ವಿಷಯ?"

"ಹೌದು. ಕಮಿಟಿ ಮುಂದ ನಾ ಅದನ್ನ ಹೇಳಬೇಕಾಗ್ತೈತಿ."

"ಹೇಳ್ರಿ. ನಾ ಯಾವ ಹುಡುಗಗೂ ಸೋಲು ಅಂದಿಲ್ಲ."

"ಗೆಲ್ಲು ಅಂತಾನೂ ಅಂದಿಲ್ಲಲ್ರಿ."

ಅವರಿಗೆ ಅದು ನಾಟಿತು. ಗೆರೆ ಎಳೆಯುವವರ ಕಡೆ ತಿರುಗಿದರು. "ಮೇಡಮ್ಮಾರ, ಒಂದು ಮಾತು ಕೇಳ್ತೇನಿ. ನಿಮ್ಮ ತಕ್ಕಡಿ ಮುಳ್ಳು ನಿಂತಿದ್ದು ಯಾರ ಕಾಲಾಗ?"

"ನಿಮ್ಮ ಕಾಲಾಗ."

"ಹಂಗಾರ ನನಗ ಯಾಕ ಬೈತೀರಿ?"

"ಬೈಯ್ಯಾಕ ಬಂದಿಲ್ರಿ. ಆ ಮುಳ್ಳು ನಿಲ್ಲಿಸಾಕ ನೀವು ಅವನನ್ನ ಬೆಣೆ ಮಾಡ್ಕೊಂಡೀರಿ. ಅದನ್ನ ಹೇಳಾಕ ಬಂದೆ."

ಅವರ ಕೈ ಟೋಪಿಯ ಕಡೆಗೆ ಹೋಯಿತು, ಅರ್ಧಕ್ಕೆ ನಿಂತಿತು, ಕೆಳಗಿಳಿಯಿತು.

ಕೊನೆಯ ಆಟದ ದಿನ ನಾನೂ ಮೈದಾನಕ್ಕೆ ಹೋದೆ. ಊರಿನವರೆಲ್ಲ ಬೆಣೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು, ಆದರೆ ಯಾರ ಮುಖದಲ್ಲೂ ಅವು ಬೇಕಾಗುತ್ತವೆ ಎನ್ನುವ ಭಾವವಿರಲಿಲ್ಲ. ಆರಿಸಲು ಬಂದವರು ಇಬ್ಬರು ಪೆಂಡಾಲಿನಡಿ ಕೂತಿದ್ದರು. ಚೇರ್ಮನ್ನರು ಅವರ ಪಕ್ಕದಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದರು.

ಫಕೀರೇಶ ಮೊದಲ ಗೋಲು ಹೊಡೆದ. ಊರು ಮೆಲ್ಲಗೆ ಪಡುವಣಕ್ಕೆ ವಾಲಿತು. ಶೇಂಗಾ ಮಾರುವವನ ಬುಟ್ಟಿಯಿಂದ ಕಾಳು ಉರುಳಿದವು. ಎಲ್ಲರೂ ಗೋಲು ಬಿಟ್ಟು ದಾವಲಸಾಬರನ್ನು ನೋಡಿದರು. ಎಂಟು ವರ್ಷದ ರೂಢಿ. ಫಕೀರೇಶ ಕೂಡ ಅವರನ್ನೇ ನೋಡುತ್ತ, ಹೊರಗೆ ಬರಲು ಅರ್ಧ ಹೆಜ್ಜೆ ಹಾಕಿ ನಿಂತಿದ್ದ. ದಾವಲಸಾಬರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಏ, ಟೋಪಿ ತಗೀರಿ ದಾವಲಸಾಬಣ್ಣ!" ಎಂದು ಹೊಸ ಬಡಾವಣೆಯ ಕಡೆಯಿಂದ ಯಾರೋ ಕೂಗಿದರು.

ಎರಡನೆಯದೂ ಬಿತ್ತು. ಸಿರಿಲ್ ಮಾಸ್ತರ ಓಣಿಯವರು ಕೂಗಿ ಕುಣಿದರು, ಮನೆಗಳು ನೆಟ್ಟಗಾದ ಸಂತೋಷಕ್ಕೆ. ಮೂರನೆಯದು ಬಿದ್ದಾಗ ಅಂದಾನೆಪ್ಪನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಊರಿನ ಆಚೆ ತುದಿಯ ತಮ್ಮ ಮನೆಯ ಕಡೆ ತಿರುಗಿ ನೋಡಿದರು. ಚಪ್ಪಾಳೆ ಮುಗಿಸಿ ಕೂರಲಿಲ್ಲ. ಫಕೀರೇಶನ ಕಾಲಿಗೆ ಮತ್ತೆ ಚೆಂಡು ಬಂದಿತ್ತು. ಅವನು ಇಳಿಜಾರಿಗೆ ಬೆನ್ನು ಕೊಟ್ಟು, ಏರನ್ನು ಏರುತ್ತ, ಒಬ್ಬರಾದ ಮೇಲೆ ಒಬ್ಬರನ್ನು ದಾಟಿ ಹೋಗುತ್ತಿದ್ದ. ಅಂದಾನೆಪ್ಪನವರು "ಸಾಕು, ಸಾಕು" ಎನ್ನುತ್ತ ತಮ್ಮ ರುಮಾಲನ್ನೇ ತೆಗೆದು ದಾವಲಸಾಬರ ಕಡೆಗೆ ಬೀಸತೊಡಗಿದರು. ದಾವಲಸಾಬರು ಅವರನ್ನು ನೋಡಿದರು, ಗುರುತಿಲ್ಲದವರನ್ನು ನೋಡಿದಂತೆ, ಮತ್ತೆ ಮೈದಾನದ ಕಡೆ ತಿರುಗಿದರು.

ನಾಲ್ಕು-ಸೊನ್ನೆ. ನಾನು ಪೆಂಡಾಲಿನ ಕಂಬ ಹಿಡಿದುಕೊಂಡಿದ್ದೆ. ಊರಿನೊಳಗಿನಿಂದ ಪಾತ್ರೆಗಳು ಜಾರುವ ಸದ್ದು ಓಣಿಯಿಂದ ಓಣಿಗೆ ದಾಟುತ್ತ ಬರುವುದು ಕೇಳಿಸಿತು. ಕೊನೆಯ ಸೀಟಿ ಊದಿದಾಗ ಫಕೀರೇಶ ಮೈದಾನದ ನಡುವೆ ಇನ್ನೂ ಇದ್ದ, ಪೂರಾ ಆಟ ಆಡಿ ಮುಗಿಸಿದವನು ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ. ಆರಿಸಲು ಬಂದವರೇ ಅವನ ಬಳಿಗೆ ನಡೆದರು, ಒಬ್ಬರ ತೋಳು ಒಬ್ಬರು ಹಿಡಿದು.

ಮರುದಿನ ಕಮಿಟಿ ಸೇರಿತು, ಅಂದಾನೆಪ್ಪನವರ ಪಡಸಾಲೆಯಲ್ಲೇ. ಮೂರರ ಮನೆ ನಾಲ್ಕರ ಊರಿನಲ್ಲಿ ಈಗ ಒಂದು ಗೋಲಿನಷ್ಟು ಮಾತ್ರ ತಪ್ಪಿತ್ತು. ಆದರೆ ಅವರ ಉದ್ದನೆಯ ಮೇಜು ಮಟ್ಟದ ವಾರಗಳಲ್ಲಿ ಬೆಣೆ ಬಡಿದು ಕೂರಿಸಿದ್ದು. ಅದು ಊರಿನ ಜೊತೆ ಪೂರ್ತಿ ವಾಲಿತ್ತು. ಸ್ಟೀಲಿನ ಲೋಟಗಳು ಒಂದರ ಹಿಂದೆ ಒಂದು ಪಡುವಣದ ಅಂಚಿಗೆ ಜಾರುತ್ತಿದ್ದವು, ಅಲ್ಲಿ ಕೂತವರೊಬ್ಬರು ಮಾತನಾಡುತ್ತಲೇ ಅವನ್ನು ಹಿಡಿದು ಮೇಲಕ್ಕೆ ದಾಟಿಸುತ್ತಿದ್ದರು. ದಾವಲಸಾಬರನ್ನೂ ಕರೆಸಿದ್ದರು. ಅವರು ಬಾಗಿಲ ಬಳಿಯ ಕುರ್ಚಿಯಲ್ಲಿ ಟೋಪಿ ಹಾಕಿಕೊಂಡು ಕೂತಿದ್ದರು.

"ಹೇಳ್ರಿ ಮೇಡಂ. ಯಾರು ಹೆಚ್ಚು?"

"ದಾವಲಸಾಬ್ರು," ಎಂದೆ. ಹೊರಗಿನ ಆಟಗಳ ವಿಷಯ ಹೇಳಿದೆ. ನಂತರ ಉಳಿದದ್ದನ್ನೂ ಹೇಳಿದೆ. ಇಷ್ಟು ವರ್ಷ ನಮ್ಮ ಮೈದಾನದಲ್ಲಿ ಗೆಲ್ಲುವ ಹುಡುಗರನ್ನು ಅವರು ಹೊರಗೆ ಕರೆದರು, ಟೋಪಿ ತೆಗೆದು. ಅದರಿಂದ ಹೆಚ್ಚು ಅನುಕೂಲ ಪಡೆದವರಲ್ಲಿ ನಾನೂ ಒಬ್ಬಳು, ಆದ್ದರಿಂದ ನನ್ನ ತೂಕವನ್ನು ಅಷ್ಟು ಕಳೆದು ನೋಡಿ ಎಂದೆ.

ಸಭೆಯಲ್ಲಿ ಗದ್ದಲವೇಳುತ್ತದೆ ಎಂದುಕೊಂಡಿದ್ದೆ. ಅಂದಾನೆಪ್ಪನವರು ಲೋಟ ಹಿಡಿದು ಚಹಾ ಕುಡಿದರು.

"ಅದು ನಮಗ ಗೊತ್ತಿಲ್ಲೇನ್ರಿ? ಊರಿಗೆ ಊರ ಆ ಟೋಪಿ ನೋಡಕೊಂಡು ಬೆಣೆ ಒಳಗ ಇಡತಿತ್ತು." ದಾವಲಸಾಬರ ಕಡೆ ತಿರುಗಿದರು. "ಈ ಮನಶ್ಯಾನ ಕೈಯಾಗ ಎಂಥಾ ವಿದ್ಯಾ ಐತಿ ಅನ್ನೂದು ನನಗ ನಿನ್ನೆ ತಿಳೀತು. ಬೇಕಾದಲ್ಲಿ ನಿಂದರಸ್ತಾನ, ಬೇಕಾದಾಗ ಬಿಡ್ತಾನ. ಸಿರಿಲ್ ಮಾಸ್ತರಿಗೂ ಅದು ಬರತಿರಲಿಲ್ಲ. ದಾವಲಸಾಬ, ನಿನ್ನ ತಗಿಯಂಗಿಲ್ಲ. ಪಗಾರ ಏರಸೂಣು. ಒಂದ ಮಾತು, ಇನ್ನ ಮುಂದ ಸೊನ್ನಿಗೆ ಬ್ಯಾಡ. ಮೂರಕ್ಕ ನಿಂದರಸು. ಮೂರಾತು ಅಂದಕೂಡ್ಲೆ ಟೋಪಿ ತಗಿ."

ಕಮಿಟಿಯಲ್ಲೊಬ್ಬರು ಕೆಮ್ಮಿದರು. "ಎರಡಕ್ಕ ನಿಂದರಿಸಿದ್ರ ಚಲೋ ಅಲ್ಲೇನ್ರಿ, ಭಾಳ ಮಂದಿಗೆ—"

"ಮೂರು."

ದಾವಲಸಾಬರು ಎದ್ದು ನಿಂತರು. ವಾಲಿದ ನೆಲದ ಮೇಲೆ ಅವರಷ್ಟು ಸಲೀಸಾಗಿ ನಡೆದವರನ್ನು ನಾನು ಕಂಡಿಲ್ಲ. ನೇರ ಮೇಜಿನವರೆಗೆ ಬಂದರು.

"ಸಾವ್ಕಾರ್ರ, ನಿಮ್ಮದು ಮೂರರ ಮನಿ, ಅದಕ್ಕ ಮೂರು ಅಂತೀರಿ," ಎಂದರು. ದನಿ ಏರಲಿಲ್ಲ. "ನಿಮಗ ನಗಬೇಕಂತ ಬಾಯಿ ತಗದೆ. ನನ್ನದು ಸೊನ್ನಿಯ ಮನಿ. ಎಂಟು ವರ್ಷ ನಾ ಊರು ಮಟ್ಟ ಮಾಡಾಕತ್ತೇನಿ ಅಂತ ತಿಳಕೊಂಡಿದ್ದೆ."

ಮುಂದೆ ಏನೋ ಹೇಳುತ್ತಾರೆ ಎಂದು ಎಲ್ಲರೂ ಕಾದರು. ಅವರು ಟೋಪಿ ತೆಗೆದರು. ಅಂಗೈಯಿಂದ ಬೋಳುತಲೆ ಒರೆಸಿಕೊಂಡರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೋ ಹೊರಗೆ ಹೋಗಬೇಕು ಎಂದು ಆ ಕೋಣೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಕೆಮ್ಮಿದವರು ಕುರ್ಚಿಯಿಂದ ಅರ್ಧ ಎದ್ದಿದ್ದರು ಕೂಡ. ದಾವಲಸಾಬರು ಟೋಪಿಯನ್ನು ಮೇಜಿನ ಮೇಲಿಟ್ಟರು, ತಿರುಗಿದರು, ಬಾಗಿಲು ದಾಟಿ ಮೆಟ್ಟಿಲಿಳಿದು ಹೋದರು. ಅವರ ಹೆಜ್ಜೆ ಅಂಗಳದಾಚೆ ಕೇಳದಾಯಿತು.

ಇನ್ನು ಮಳೆಗಾಲ ಕಳೆದು ಹೊಸ ವರ್ಷದ ಮೊದಲ ಆಟದವರೆಗೆ ಊರು ಹೀಗೆಯೇ ಇರುತ್ತದೆ, ಯಾರ ಮನೆಗೂ ಹೊಂದದ ಸ್ಕೋರಿನಲ್ಲಿ. ಹೊಸದಾಗಿ ಗೋಡೆ ಎತ್ತುವವರು ನಾಲ್ಕರ ಮನೆಗಳನ್ನು ಕಟ್ಟುತ್ತಾರೆ. ನನ್ನ ತಕ್ಕಡಿಯ ಮುಳ್ಳು ಗಾಜಿನ ಪೆಟ್ಟಿಗೆಯ ಒಂದು ಮೂಲೆಗೆ ತಲೆ ಕೊಟ್ಟು ನಿಂತಿರುತ್ತದೆ. ಅದನ್ನೆಲ್ಲ ಲೆಕ್ಕ ಹಾಕುತ್ತಿದ್ದವಳು ಮೇಜಿನ ಕಡೆ ನೋಡಿದೆ. ಲೋಟಗಳು ಮತ್ತೆ ಅಂಚಿಗೆ ಬಂದಿದ್ದವು. ಹಿಡಿಯುವವರು ಮರೆತಿದ್ದರಿಂದ ಒಂದು ಕೆಳಗೆ ಬಿದ್ದು ಉರುಳುತ್ತ ಗೋಡೆಯ ಬಿರುಕಿನವರೆಗೆ ಹೋಯಿತು. ಪೆನ್ನುಗಳು ಹೋದವು. ಅಂದಾನೆಪ್ಪನವರ ಕನ್ನಡಕದ ಪೆಟ್ಟಿಗೆ ಹೋಯಿತು. ಟೋಪಿ ಮಾತ್ರ ದಾವಲಸಾಬರು ಇಟ್ಟಲ್ಲೇ ಇತ್ತು. ಬಟ್ಟೆಗೂ ಮರಕ್ಕೂ ನಡುವಿನ ಘರ್ಷಣೆಗೆ ಆ ಇಳಿಜಾರು ಸಾಲದು ಎಂದು ನನಗೆ ಗೊತ್ತು. ಆದರೂ ಉಳಿದವರಂತೆ ನಾನೂ ಅದು ಯಾವಾಗ ಜಾರುತ್ತದೋ ಎಂದು ನೋಡುತ್ತಲೇ ಕೂತಿದ್ದೆ.